ಬೂದುಗುಂಬಳದ ಬೆರಣಿ

ನಮ್ಮತ್ತೆ ಹಿತ್ತಲಿಗೆ ಬೀಜ ಹಾಕುವ ಮೊದಲು ಮಡಕೆ ಇಡುತ್ತಿದ್ದರು. ಭರಣಿ ಮಳೆ ಒಂದು ಹದ ಬಿದ್ದ ಮಾರನೆಯ ಬೆಳಿಗ್ಗೆ ಅಟ್ಟದ ಮೇಲಿನ ಖಾಲಿ ಮಡಕೆಗಳನ್ನೆಲ್ಲ ಇಳಿಸಿ, ತೊಳೆದು, ಒಂದೊಂದನ್ನೂ ಒಂದೊಂದು ಕಡೆ ಮಣ್ಣಿನ ಮೇಲೆ ಕೂರಿಸುವರು. ನಾನು ಮದುವೆಯಾಗಿ ಬಂದ ಹೊಸತು. ಒಣಗಲು ಇಟ್ಟಿದ್ದಾರೆ ಅಂದುಕೊಂಡು, ಮಹಾ ಜಾಣೆಯ ಹಾಗೆ ಎಲ್ಲವನ್ನೂ ಎತ್ತಿ ಬಿಸಿಲಿಗೆ ಸಾಲಾಗಿ ಜೋಡಿಸಿಬಿಟ್ಟೆ.

"ಅಯ್ಯೋ ನಿನ್ನ! ನನ್ ತ್ವಾಟಾನೇ ಕಿತ್ತಾಕ್ಬುಟ್ಯಲ್ಲೇ!" ಎಂದು ಅತ್ತೆ ತಲೆ ಮೇಲೆ ಕೈ ಇಟ್ಟುಕೊಂಡರು.

ಮತ್ತೆ ಮೊದಲಿಂದ ಇಟ್ಟರು, ಈ ಸಲ ನನಗೆ ಹೇಳಿಕೊಡುತ್ತಾ. ಗೋರಿಕಾಯಿ ಬಾಳಕದ ಮಡಕೆ ಬಿಸಿಲು ಚೆನ್ನಾಗಿ ಬೀಳುವ ಕಡೆ. ಉಪ್ಪು ಮೆಣಸಿನಕಾಯಿಯದು ಬಾವಿಯ ಹತ್ತಿರ. ಒಣಗಿದ ಅವರೆಕಾಳಿನದು ಬೇಲಿಯ ಉದ್ದಕ್ಕೆ ಮೂರು. ಬೂದುಗುಂಬಳದ ಸಂಡಿಗೆಯ ದೊಡ್ಡ ಮಡಕೆ ತಿಪ್ಪೆಯ ಪಕ್ಕ, ಏಕೆಂದರೆ ಆ ಬಳ್ಳಿಗೆ ಗೊಬ್ಬರ ಎಷ್ಟಿದ್ದರೂ ಸಾಲದು. ಯಾವ ಮಡಕೆಗೆ ಏನು ತುಂಬಬೇಕೋ ಅದರ ಬೀಜ ಅಲ್ಲಿ, ಮಡಕೆ ಎಷ್ಟು ದೊಡ್ಡದೋ ಅದಕ್ಕೆ ತಕ್ಕಷ್ಟು ಗುಳಿ.

"ಬರೋ ಬ್ಯಾಸ್ಗೇಲಿ ಏನ್ ತಿಂತೀವಿ ಅಂತ ಮೊದ್ಲು ನೋಡ್ಬೇಕು. ನೆಲ ಆಮ್ಯಾಕೆ" ಎಂದರು.

ನಾನು ಬೆರಗಾಗಿ ನಿಂತೆ. ಕೃಷ್ಣಗಿರಿ ಪೇಟೆಯಲ್ಲಿ ಬೆಳೆದ ನನಗೆ ತರಕಾರಿ ಎಂದರೆ ಬುಟ್ಟಿಯಲ್ಲಿ ಬಾಗಿಲಿಗೆ ಬರುವ ವಸ್ತು. ಕೆಲಮಂಗಲದಾಚೆಯ ಈ ಹಳ್ಳಿಯಲ್ಲಿ, ಓದು ಬರಹ ತಿಳಿಯದ ಈ ಹೆಂಗಸು ಒಂಬತ್ತು ಬಾಯಿಗಳ ಇಡೀ ವರ್ಷದ ಊಟವನ್ನು ಬರಿಯ ಮಡಕೆಗಳಿಂದ ನೆಲದ ಮೇಲೆ ಬರೆದಿದ್ದರು. ಅದು ಯುದ್ಧದ ಕಾಲ. ರೇಷನ್ ಅಕ್ಕಿಯನ್ನು ನೆಚ್ಚಿಕೊಳ್ಳುವಂತಿರಲಿಲ್ಲ. ರಾಗಿ ಹೇಗೋ ಹೊಲದಿಂದ ಬರುತ್ತಿತ್ತು. ಮುದ್ದೆಯ ಜೊತೆಗೆ ಏನು ಎಂಬುದಕ್ಕೆ ಈ ಹಿತ್ತಲೇ ಉತ್ತರ. ಅದರಲ್ಲೂ ಬೂದುಗುಂಬಳ. ಅಟ್ಟಕ್ಕೆ ತೂಗುಹಾಕಿದರೆ ನಮ್ಮ ಮನೆಯ ತಳಿಯ ಕಾಯಿ ವರ್ಷವಾದರೂ ಕೊಳೆಯುತ್ತಿರಲಿಲ್ಲ. ಬೇಸಿಗೆಯಲ್ಲಿ ಹಸಿರೆಲ್ಲ ಸುಟ್ಟುಹೋದಾಗ ಸಾರಿಗೆ ಬೀಳುತ್ತಿದ್ದದ್ದು ಅದೊಂದೇ.

ಆ ಬೀಜವನ್ನೇ ನಾನು ಸುಟ್ಟೆ.

ಎರಡು ದಿನ ಬಿಟ್ಟು, ಬೆಳಿಗ್ಗೆ ಸ್ನಾನದ ನೀರಿಗೆ ಒಲೆ ಹಚ್ಚಬೇಕಿತ್ತು. ಹೊರಗಿನ ಬೆರಣಿಗಳೆಲ್ಲ ಮಳೆಗೆ ನೆನೆದಿದ್ದವು. ಅಡುಗೆಮನೆಯ ಗೋಡೆಗೆ ಅಂಗೈಯಗಲದ ಐದು ಬೆರಣಿ ಅಂಟಿಕೊಂಡಿದ್ದವು, ಚೆನ್ನಾಗಿ ಒಣಗಿ. ಒಂದನ್ನು ಕಿತ್ತು ಒಲೆಗೆ ಇಟ್ಟೆ. ಹೊತ್ತಿಕೊಂಡಿತು. ಸ್ವಲ್ಪ ಹೊತ್ತಿಗೆ ಒಳಗೆ ಚಟಪಟ ಸಿಡಿಯತೊಡಗಿತು. ಸಗಣಿ ಹೀಗೇಕೆ ಸಿಡಿಯುತ್ತದೆ ಎಂದು ಬಗ್ಗಿ ನೋಡುತ್ತಿದ್ದಾಗ ಅತ್ತೆ ಬಂದರು. ಹುಳು ಹಿಡಿಯದಿರಲಿ ಎಂದು ಒಂದೊಂದು ಬೆರಣಿಯಲ್ಲಿ ಒಂದೊಂದು ಜಾತಿಯ ಬೀಜವನ್ನು ಒತ್ತಿ ಗೋಡೆಗೆ ಬಡಿಯುತ್ತಾರೆಂದು ನನಗೆ ಯಾರು ಹೇಳಿದ್ದರು?

ಅತ್ತೆ ಒಲೆ ನೋಡಲಿಲ್ಲ, ಗೋಡೆ ನೋಡಿದರು. ಬರಿದಾದ ಜಾಗದಿಂದಲೇ ಅವರಿಗೆ ಗೊತ್ತಾಯಿತು. "ಬೂದುಗುಂಬಳ" ಎಂದರು. ಅಷ್ಟೇ.

ಬೈದಿದ್ದರೆ ನನಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಸಂತೆಯಲ್ಲಿ ಬೀಜ ಸಿಗುವುದಿಲ್ಲವೇ ಎಂದು ಅಳುತ್ತಾ ಕೇಳಿದೆ. "ಸಂತೆ ಬೀಜ ಯಾವ್ ಕಾಯಿದೋ ಏನೋ. ಎಲ್ಡ್ ತಿಂಗ್ಳಿಗೆ ಕೊಳ್ತೋಯ್ತದೆ" ಎಂದು ಹಿತ್ತಲಿಗೆ ನಡೆದರು. ಮಿಕ್ಕ ಮಡಕೆಗಳ ಹತ್ತಿರ ಗುಳಿ ತೋಡಿದರು. ತಿಪ್ಪೆಯ ಪಕ್ಕದ ದೊಡ್ಡ ಮಡಕೆಯನ್ನು ಮುಟ್ಟಲೂ ಇಲ್ಲ, ಎತ್ತಿ ಒಳಗಿಡಲೂ ಇಲ್ಲ.

ಆ ಬೀಜ ಇನ್ನೊಂದೇ ಮನೆಯಲ್ಲಿತ್ತು. ಬೇಲಿಯಾಚೆಯ ದೊಡ್ಡತ್ತೆಯ ಮನೆಯಲ್ಲಿ. ಅವರು ನಮ್ಮತ್ತೆಯ ವಾರಗಿತ್ತಿ. ಮನೆ ಭಾಗವಾದಾಗ ಬೀಜವೂ ಭಾಗವಾಗಿತ್ತು. ಆದರೆ ಒರಳುಕಲ್ಲು ಯಾರಿಗೆ ಎಂದು ಜಗಳವಾಗಿ ಎಂಟು ವರ್ಷದಿಂದ ಇಬ್ಬರಿಗೂ ಮಾತಿರಲಿಲ್ಲ. ನಮ್ಮತ್ತೆ ಉಪವಾಸ ಬಿದ್ದರೂ ಅಲ್ಲಿ ಕೈ ಚಾಚುವವರಲ್ಲ. ಮನೆಯವರೆಲ್ಲ ಹಾಗೆಂದೇ ಹೇಳಿದರು.

ಮೂರನೆಯ ದಿನ ತಡೆಯಲಾರದೆ ಯಾರಿಗೂ ಹೇಳದೆ ನಾನೇ ಹೋದೆ. ದೊಡ್ಡತ್ತೆ ಜಗಲಿಯಲ್ಲಿ ರಾಗಿ ಕೇರುತ್ತಿದ್ದರು. ನಡೆದದ್ದನ್ನು ಹೇಳಿದೆ. ಅವರು ಮೊರ ಕೆಳಗಿಟ್ಟರು.

"ಅವ್ಳೇ ಕಳ್ಸಿದ್ಲಾ ನಿನ್ನ?"

ಇಲ್ಲ ಎಂದರೆ ಬೀಜವೂ ಇಲ್ಲ ಎಂದು ಅವರ ಮುಖವೇ ಹೇಳುತ್ತಿತ್ತು. "ಊಂ ದೊಡ್ಡತ್ತೆ, ಅತ್ತೇನೇ ಕಳ್ಸಿದ್ರು" ಎಂದುಬಿಟ್ಟೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ ಗೋಡೆಯಿಂದ ಬೆರಣಿ ಕಿತ್ತು ತಂದರು. ನಾನು ಕೈ ಚಾಚಿದರೆ ಕೊಡಲಿಲ್ಲ. "ನಾನೇ ಕೊಡ್ತೀನಿ, ನಡಿ."

ಬೇಲಿ ಸುತ್ತಿ ನಮ್ಮ ಹಿತ್ತಲಿಗೆ ಬರುವಷ್ಟರಲ್ಲಿ ತವರಿಗೆ ಹೋಗಲು ಯಾವ ಸೀರೆ ಗಂಟು ಕಟ್ಟಬೇಕೆಂದು ಕೂಡ ಯೋಚಿಸಿಬಿಟ್ಟಿದ್ದೆ. ಅತ್ತೆ ಮೆಣಸಿನ ಪಾತಿಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ವಾರಗಿತ್ತಿಯನ್ನು ಕಂಡು ಕೈ ನಿಂತಿತು.

"ಬೀಜ ಬೇಕೂಂತ ನೀನೇ ಕಳ್ಸಿದ್ಯಂತೆ ಕಣೆ?" ಎಂದರು ದೊಡ್ಡತ್ತೆ. ಬೆರಣಿಯನ್ನು ಮುಂದಕ್ಕೆ ಚಾಚಿದರು.

ಅತ್ತೆ ನನ್ನ ಮುಖ ನೋಡಿದರು. ಆಮೇಲೆ ದೊಡ್ಡತ್ತೆಯ ಮುಖ ನೋಡಿದರು. ನಮ್ಮತ್ತೆಯ ಹಠ ಎಂಥದೆಂದು ಊರಿಗೇ ಗೊತ್ತಿತ್ತು. ಒಂದು 'ಇಲ್ಲ' ಸಾಕಾಗಿತ್ತು, ನಾನು ಸುಳ್ಳಿಯಾಗಲು, ದೊಡ್ಡತ್ತೆ ಅವಮಾನ ಹೊತ್ತು ಹಿಂತಿರುಗಲು. ಅತ್ತೆ ಎದ್ದು, ಮಣ್ಣಿನ ಕೈಯನ್ನು ಸೀರೆಗೆ ಒರೆಸಿಕೊಂಡು, ಎರಡೂ ಕೈ ಒಡ್ಡಿ ಬೆರಣಿ ತೆಗೆದುಕೊಂಡರು. ಈ ವಯಸ್ಸಿನವರೆಗೆ ಅದಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ.

"ಊಂ ಕಣಕ್ಕ," ಎಂದರು, "ನಾನೇ ಕಳ್ಸಿದ್ದು."