ಹೆಸರು ಹೇಳದವನ ಮೊಮ್ಮಗಳು

ಶಾರದಮ್ಮನ ಅಜ್ಜನ ಅಜ್ಜ ಬಾಳನಾಯಕ. ಊರಿನವರೆಲ್ಲ ಬಂದೂಕು ತಂದು ಚಾವಡಿಯಲ್ಲಿ ಒಪ್ಪಿಸಬೇಕೆಂದು ಕಂಪನಿ ಸರ್ಕಾರ ಡಂಗುರ ಸಾರಿಸಿದಾಗ ಒಪ್ಪಿಸದೆ ಗುಡ್ಡ ಹತ್ತಿದವನು. ಗುಡ್ಡದಿಂದ ಇಳಿದದ್ದು ಅವನ ಹೆಣ. ಅವನ ಮೊಮ್ಮಗ ತಿರಕಪ್ಪ, ಅಂದರೆ ಶಾರದಮ್ಮನ ಅಜ್ಜ, ಮಲಪ್ರಭೆಯ ದಂಡೆಯ ಅದೇ ಊರಲ್ಲಿ ಗೆಳೆಯರನ್ನು ಕೂಡಿಸಿಕೊಂಡು ಮದ್ದು ಅರೆದ, ತೋಟಾ ತುಂಬಿದ. ತುಂಬುವಾಗಲೇ ಎಡಗೈಯ ಎರಡು ಬೆರಳು ಹಾರಿಹೋದವು. ಸಾವಿರದ ಒಂಬೈನೂರ ಹತ್ತರಲ್ಲಿ, ಬೇರೆ ಊರಿನ ಇಬ್ಬರು ಗೆಳೆಯರ ಜೊತೆ, ತೋಟಾದ ಪೆಟ್ಟಿಗೆ ಸಮೇತ ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕಿಬಿದ್ದ. ಹೆಸರು ಹೇಳಿದರೆ ಪೊಲೀಸರು ಊರು ಹೊಕ್ಕಾರು, ಅಣ್ಣನ ಜೋಳದ ಹಗೇವಿನಲ್ಲಿ ಹೂತಿಟ್ಟ ಬಂದೂಕುಗಳು ಸಿಕ್ಕಾವು. ಮೂವತ್ತು ಛಡಿ ಏಟು ತಿಂದ, ಹೆಸರು ಹೇಳಲಿಲ್ಲ. ಜೈಲಿನಲ್ಲೇ ಜ್ವರ ಬಂದು ಸತ್ತ. ಬಿಡುಗಡೆಯಾದ ಗೆಳೆಯರು ಬಂದು ಹೇಳಿದ ಮೇಲೆಯೇ ಮನೆಯಲ್ಲಿ ಅತ್ತದ್ದು.

ಇಂಥವರ ರಕ್ತ ಮೈಯಲ್ಲಿ ಹರಿಯುವಾಗ ಕಾಲು ಒಂದು ಕಡೆ ನಿಂತೀತೇ? ಎಪ್ಪತ್ತೈದಾದರೂ ಶಾರದಮ್ಮ ಕೂತಲ್ಲಿ ಕೂರುವವಳಲ್ಲ. ದೆಹಲಿಯ ಒಂದು ಮಂತ್ರಾಲಯದಲ್ಲಿ ಮೂವತ್ತೆರಡು ವರ್ಷ ಟಪಾಲು ವಿಂಗಡಿಸಿ ನಿವೃತ್ತಳಾಗಿ, ರೋಹಿಣಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ಅಲ್ಲಿ ಸೊಸೆ ತೊಳೆದಿಟ್ಟ ಪಾತ್ರೆಯನ್ನು ಮತ್ತೆ ತೊಳೆಯುತ್ತಾಳೆ, ಲಿಫ್ಟಿಗೆ ಕಾಯಲಾರದೆ ಐದು ಮಹಡಿ ಇಳಿಯುತ್ತಾಳೆ.

ಈ ಚಳಿಗಾಲ ಅವಳಿಗೆ ಬೆಂಕಿಯ ಮೇಲೆ ನಿಂತ ಹಾಗಾಗಿತ್ತು. ಊರ ಶಾಲೆಯ ಮುಂದೆ ಹೋರಾಟಗಾರರ ಹೆಸರಿನ ಕಲ್ಲು ನಿಲ್ಲಿಸುತ್ತಾರೆ. ಕಾಗದದ ಪುರಾವೆ ಶುಕ್ರವಾರದೊಳಗೆ ಬಂದರೆ ತಿರಕಪ್ಪನ ಹೆಸರೂ ಉಂಟು, ಇಲ್ಲದಿದ್ದರೆ ಇಲ್ಲ ಎಂದು ಸಮಿತಿ ತಿಳಿಸಿತ್ತು. ಅವಳಪ್ಪ ತನ್ನ ತಂದೆಯ ಹೆಸರು ಎಲ್ಲಾದರೂ ದಾಖಲಾಗಲಿ ಎಂದು ಕೇಳಿ ಕೇಳಿ ಕಣ್ಣು ಮುಚ್ಚಿದವನು. ಒಂದು ತಿಂಗಳಿನಿಂದ ದಿನಾ ಮೆಟ್ರೋ ಹಿಡಿದು, ಹಳೆಯ ಕಡತಗಳನ್ನಿಟ್ಟಿರುವ ಸರ್ಕಾರಿ ಭಂಡಾರಕ್ಕೆ ಹೋಗಿ ಚೀಟಿ ಬರೆದುಕೊಡುತ್ತಿದ್ದಳು. ಕಡತ ಬರುವವರೆಗೆ ಓದುವ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದಳು.

ಬುಧವಾರ ಜೊತೆಗೆ ಬಂದಿದ್ದ ಮೊಮ್ಮಗಳು ಅನನ್ಯಾ ಸೆರಗು ಜಗ್ಗಿದಳು. "ಅಜ್ಜಿ, ಬೈಠೋ ನಾ! ಎಲ್ಲರೂ ನೋಡ್ತಾ ಇದಾರೆ."

"ನೋಡ್ಲಿ ಬಿಡೆ. ನಾನೇನು ಟಿಕೆಟ್ ಇಟ್ಟಿದೀನಾ?"

ಆ ಮಧ್ಯಾಹ್ನವೇ ಸಿಕ್ಕಿತು. ಜೈಲಿನ ಶಿಕ್ಷೆಯ ಪಟ್ಟಿ, ಮುಟ್ಟಿದರೆ ಉದುರುವ ಹಾಳೆ. ಮೂರನೆಯ ಕೈದಿ. ಹೆಸರು ಹೇಳಲಿಲ್ಲ. ಎಡಗೈಯಲ್ಲಿ ಎರಡು ಬೆರಳಿಲ್ಲ. ಛಡಿ ಮೂವತ್ತು. ಅಲ್ಲಿ ಪೆನ್ನು ಹಿಡಿಯುವಂತಿಲ್ಲ, ಪೆನ್ಸಿಲ್ಲಿನಲ್ಲೇ ಬರೆದುಕೊಳ್ಳಬೇಕು. ಬರೆಯಹೋದವಳ ಪೆನ್ಸಿಲ್ ಎರಡು ಸಲ ಮುರಿಯಿತು.

ಭಂಡಾರದವರು ಮುದ್ರೆ ಒತ್ತಿಕೊಟ್ಟ ನಕಲು ಹಿಡಿದು ಗುರುವಾರ ಅನನ್ಯಾಳ ಜೊತೆ ಚಾಣಕ್ಯಪುರಿಗೆ ಓಡಿದಳು. ಸಮಿತಿಯ ಮುಖ್ಯಸ್ಥ ದಕ್ಷಿಣಾಮೂರ್ತಿ ಸರ್ಕಾರಿ ಕೆಲಸಕ್ಕೆಂದು ಬಂದು ಕರ್ನಾಟಕದ ಅತಿಥಿಗೃಹದಲ್ಲಿ ಇಳಿದಿದ್ದರು. ಚಹಾ ತರಿಸಿ, ಕಾಗದವನ್ನು ಹಿಂದೆ ಮುಂದೆ ತಿರುಗಿಸಿದರು.

"ಇದರಲ್ಲಿ ಹೆಸರೇ ಇಲ್ವಲ್ಲಮ್ಮ."

"ಹೇಳದೆ ಇದ್ದದ್ದೇ ಅವರು ಮಾಡಿದ ಕೆಲಸ ರೀ! ಬೆರಳು ನೋಡಿ, ಛಡಿ ನೋಡಿ."

"ನನಗೆ ನಂಬಿಕೆ ಇದೆ. ಸಮಿತಿಗೆ ಹೆಸರು ಬೇಕು." ಕಾಗದವನ್ನು ಮೇಜಿನ ಮೇಲಿಟ್ಟು, "ಅಚ್ಛಾ, ಹೀಗೆ ಮಾಡೋಣ. ಸಾಯೋ ಮುಂಚೆ ಜೈಲರ್ ಮುಂದೆ ಹೆಸರು ಒಪ್ಪಿಕೊಂಡ್ರು, ಮನೆಯಲ್ಲಿ ಹಿರಿಯರು ಹೇಳಿದ್ದು ಅಂತ ಒಂದು ಅಫಿಡವಿಟ್ ಕೊಡಿ. ಉಳಿದದ್ದು ನಾನು ನೋಡ್ಕೋತೀನಿ. ಯಾರು ಎದ್ದು ಬಂದು ಇಲ್ಲ ಅಂತಾರೆ?"

ಅರ್ಧ ಗಂಟೆಯಲ್ಲಿ ಟೈಪ್ ಆಗಿ ಬಂತು.

"ಕರ್ ದೋ ನಾ ಅಜ್ಜಿ, ಸಹಿ ಹಾಕಿಬಿಡು," ಅನನ್ಯಾ ಪಿಸುಗುಟ್ಟಿದಳು. "ಇದಕ್ಕೇ ಅಲ್ವಾ ಇಷ್ಟು ಓಡಾಡಿದ್ದು?"

ಹೌದು, ಇದಕ್ಕೇ. ಶಾರದಮ್ಮ ಪೆನ್ನು ತೆಗೆದುಕೊಂಡಳು. ಎದ್ದಳು, ಕಿಟಕಿಯವರೆಗೆ ಹೋದಳು, ಬಂದಳು, ಮತ್ತೆ ಹೋದಳು. ಅಪ್ಪನ ಮುಖ ಕಣ್ಣ ಮುಂದೆ ಬಂತು. ಕಲ್ಲಿನ ಮೇಲೆ ತಿರಕಪ್ಪ ಎಂಬ ನಾಲ್ಕಕ್ಷರ ಕಾಣುವಷ್ಟು ಹತ್ತಿರವಿತ್ತು. ಆಮೇಲೆ 'ಹೆಸರು ಒಪ್ಪಿಕೊಂಡರು' ಎಂಬ ಸಾಲಿಗೆ ಕಣ್ಣು ಹೋಯಿತು. ಅಲ್ಲಿಂದ ಮುಂದೆ ಹೋಗಲಿಲ್ಲ.

ಪೆನ್ನಿಗೆ ಮುಚ್ಚಳ ಹಾಕಿ, ನಿಂತಲ್ಲಿಂದಲೇ ಹೇಳಿದಳು:

"ಬೇಡ ಮೂರ್ತಿಯವರೇ, ನಿಮ್ಮ ಉಪಕಾರ ನಿಮ್ಮ ಹತ್ತಿರವೇ ಇರಲಿ. ಮೂವತ್ತು ಛಡಿ ಹೊಡೆದರೂ ಅವರು ಬಾಯಿ ಬಿಡಲಿಲ್ಲ. ನೀವು ಒಂದು ಕಪ್ ಚಹಾದಲ್ಲಿ ಬಿಡಿಸಬೇಡಿ."