ಲಾಯರಣ್ಣನ ಸೀಟಿ

ನನ್ನ ಮನೆಯ ಬೀಗದ ಕೈಗೆ ಕೆಂಪು ಪ್ಲಾಸ್ಟಿಕ್ಕಿನ ಒಂದು ಸೀಟಿ ಜೋತುಬಿದ್ದಿದೆ. ಬಾಗಿಲು ತೆಗೆಯುವಾಗಲೆಲ್ಲ ಹಲಗೆಗೆ ಟಕ್ಕೆಂದು ಬಡಿದು ತನ್ನ ಇರವನ್ನು ನೆನಪಿಸುತ್ತದೆ. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದೀತು: ಬಿಸಾಡಲು ಮನಸ್ಸಿಲ್ಲದ, ಇಟ್ಟುಕೊಳ್ಳಲು ಮುಖವಿಲ್ಲದ ವಸ್ತು.

ಅದು ಲಾಯರ್ ಕೆಂಪರಾಜಣ್ಣನ ಚುನಾವಣೆಯ ಗುರುತು. ಚನ್ನರಾಯಪಟ್ಟಣದಲ್ಲಿ ಬಹುಕಾಲ ವಕೀಲಿ ಮಾಡಿ, ಒಂದು ಪಕ್ಷದಿಂದ ತಾಲ್ಲೂಕು ಪಂಚಾಯಿತಿಗೆ ಗೆದ್ದಿದ್ದ ಅವನು, ಬಾಗೂರಿನಾಚೆಯ ನಮ್ಮೂರ ಸ್ಮಶಾನವನ್ನು ತನ್ನ ಪಕ್ಷದವರೇ ಸೈಟು ಮಾಡಲು ಹೊರಟಾಗ, ತುಂಬಿದ ಸಭೆಯಲ್ಲಿ ಅವರ ವಿರುದ್ಧವೇ ಕೈಯೆತ್ತಿದ. ಸ್ಮಶಾನ ಉಳಿಯಿತು, ಪಕ್ಷ ಅವನನ್ನು ಹೊರಗಟ್ಟಿತು. ಜಿಲ್ಲಾ ಪಂಚಾಯಿತಿಗೆ ಅವನು ಪಕ್ಷೇತರನಾಗಿ ನಿಂತಾಗ ನಮ್ಮೂರ ಜನ ಮನೆಮನೆಯ ಜಗಲಿಯಲ್ಲೂ ಅವನನ್ನು ಕೂರಿಸಿ ಕಾಫಿ ಕೊಟ್ಟರು. "ನಮ್ದು ಬುಡು ಲಾಯರಣ್ಣ, ಗ್ಯಾರಂಟಿ. ಮಿಕ್ಕೋರ್ದ ನೋಡ್ಕೊ ಓಗು," ಎಂದರು. ಮತಗಟ್ಟೆಯಲ್ಲಿ ಅವನ ಏಜೆಂಟಾಗಿ ಬೆಳಗಿನಿಂದ ಸಂಜೆಯವರೆಗೆ ಕೂತವನು ನಾನು.

ಎಣಿಕೆಯ ದಿನ ನಮ್ಮೂರ ಮತಯಂತ್ರ ತೆರೆದರು. ಸೀಟಿಯ ಮುಂದೆ ಸೊನ್ನೆ.

ಕೆಂಪರಾಜಣ್ಣ ನನ್ನತ್ತ ತಿರುಗಿ ನಕ್ಕ. "ನಿಂದೂ ಬೀಳ್ನಿಲ್ವೇನ್ಲಾ ಎಮ್ಮೆ?"

"ಮಿಷಿನ್ ಕೆಟ್ಟೋಗದೆ ಕಣಣ್ಣ. ನಾನು ನಿಂಗೇ ಒತ್ತಿದ್ದು," ಎಂದೆ.

ಜೀವಮಾನವಿಡೀ ಸಾಕ್ಷಿಗಳ ಸುಳ್ಳನ್ನು ಹೆಕ್ಕಿ ತೆಗೆದವನು ನನ್ನ ಮಾತನ್ನು ನಂಬಿದ. ಸೋಲಿಗೆ ಅವನು ಅಂಜುವವನಲ್ಲ. ಆದರೆ ತಾನು ಉಳಿಸಿದ ಊರು ತನಗೆ ಒಂದನ್ನೂ ಕೊಡಲಿಲ್ಲವೆಂಬುದನ್ನು ಒಪ್ಪುವುದು ಅವನಿಗೆ ಆಗಲಿಲ್ಲ. ಯಂತ್ರ ಕೆಟ್ಟಿತ್ತೆಂದು ದಾವೆ ಹೂಡಲು ಹೊರಟ. ಅದಕ್ಕೆ ಆಧಾರ ನನ್ನ ಒಂದು ಓಟು, ನನ್ನದೊಂದು ಪ್ರಮಾಣಪತ್ರ.

ಹಾಸನದ ಕೋರ್ಟಿನ ಮುಂದಿನ ಮರದಡಿ ಅದಕ್ಕೆ ಸಹಿ ಹಾಕಲು ಪೆನ್ನು ಹಿಡಿದು ಕೂತಾಗ ನಾನು ನೆನಪಿಸಿಕೊಳ್ಳಲು ಯತ್ನಿಸಿದೆ. ಬೆರಳು ಸೀಟಿಯ ಚಿತ್ರದ ಮೇಲೆ ನಿಂತದ್ದು ನೆನಪಿದೆ. ಗೆಲ್ಲದವನಿಗೆ ಒಂದು ಓಟು ಹೆಚ್ಚಾದರೇನು, ಕಡಿಮೆಯಾದರೇನು ಎಂಬ ತರ್ಕವೂ ನೆನಪಿದೆ. ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಎಲ್ಲವನ್ನೂ ಸಂಶಯಿಸುವುದನ್ನು, ನನ್ನ ಜಾಣತನವೊಂದನ್ನು ಬಿಟ್ಟು. ಆಮೇಲೆ ಕೇಳಿದ ಬೀಪ್ ಸದ್ದು ಯಾವ ಗುಂಡಿಯದು? ಅಲ್ಲಿ ಮಾತ್ರ ನೆನಪು ಬಿಳಿಯ ಗೋಡೆ. ಅದು ನಿಜವಾಗಿ ಅಳಿಸಿಹೋದದ್ದೋ, ನಾನೇ ಸುಣ್ಣ ಬಳಿದದ್ದೋ, ಇವತ್ತಿಗೂ ಹೇಳಲಾರೆ.

ಪೆನ್ನು ಕಾಗದದ ಮೇಲೆ ಇಳಿಯಲಿಲ್ಲ. ಕೆಂಪರಾಜಣ್ಣ ನನ್ನ ಕೈಯನ್ನೇ ನೋಡುತ್ತಿದ್ದ. ಎದುರು ಕಟಕಟೆಯಲ್ಲಿ ಇಂಥ ಎಷ್ಟು ಕೈಗಳನ್ನು ಕಂಡವನೋ.

"ಬ್ಯಾಡ ಬುಡು," ಎಂದ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕರಿ ಕೋಟಿನ ಜೇಬಿಗೆ ತುರುಕಿಕೊಂಡ. "ಬಾ, ಟೀ ಕುಡಿಯಾನ."

ದಾವೆ ಹೂಡಲಿಲ್ಲ. ಮತ್ತೆ ಯಾವ ಚುನಾವಣೆಗೂ ನಿಲ್ಲಲಿಲ್ಲ. ನಮ್ಮೂರ ಕಡೆ ಬರುವುದನ್ನೂ ಬಿಟ್ಟ. ಈಗ ಸ್ಮಶಾನದಲ್ಲಿ ಸೈಟಿನ ಅಳತೆಯ ಕಲ್ಲುಗಳು ಬಿದ್ದಿವೆ. ಕೈಯೆತ್ತುವವರು ಯಾರೂ ಇಲ್ಲ.

ಇವತ್ತು ಬೆಳಿಗ್ಗೆ ಬೀಗ ಹಾಕುವಾಗ, ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಆ ಸೀಟಿಯನ್ನು ಬಾಯಿಗಿಟ್ಟು ಊದಿದೆ. ಬೀದಿಯ ತುದಿಯವರೆಗೂ ಕೇಳಿತು. ಏನೂ ಕೆಟ್ಟಿರಲಿಲ್ಲ.