ಸುಣ್ಣದ ಗೆರೆಯ ಮೇಲಿನ ಗುರುತು

ಮಂಗಳೂರಿನ ಮಣ್ಣಿನ ಅಂಕಣದಲ್ಲಿ ನಾನು ಆಡಿದ ಒಂದು ಡಬಲ್ಸ್ ಪಂದ್ಯದ ಬಗ್ಗೆ ಈವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ. ಕೇಳಿದವರಿಗೆ ಗೆದ್ದೆವು ಎಂದಿದ್ದೇನೆ. ಅದು ಸುಳ್ಳಲ್ಲ.

ಆಗ ನನಗೆ ಇಪ್ಪತ್ತಾರು. ಎಂಟು ವರ್ಷ ಟೆನಿಸನ್ನೇ ವೃತ್ತಿ ಮಾಡಿಕೊಂಡಿದ್ದರೂ ರಾಷ್ಟ್ರೀಯ ಪಟ್ಟಿಯ ಕೊನೆಯ ಪುಟಗಳಿಂದ ಮೇಲೆ ಬಂದಿರಲಿಲ್ಲ. ಯಾವ ಊರಿಗೆ ಹೋದರೂ ಮೊದಲು ಅರ್ಹತಾ ಸುತ್ತು, ಹೆಚ್ಚಿನ ಕಡೆ ಅಲ್ಲಿಂದಲೇ ವಾಪಸು. ಬಂದರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅಪ್ಪ, ಈ ವರ್ಷ ನೋಡು, ಆಗದಿದ್ದರೆ ದುಬೈಯಲ್ಲಿರುವ ಚಿಕ್ಕಪ್ಪನ ಹತ್ತಿರ ಹೋಗು ಎಂದಿದ್ದರು. ಈ ಪಂದ್ಯ ಗೆದ್ದರೆ ಸೆಮಿಫೈನಲ್. ಅದನ್ನು ತೋರಿಸಿ ಇನ್ನೊಂದು ವರ್ಷ ಕೇಳಬಹುದಿತ್ತು. ಅಪ್ಪ ಮಧ್ಯಾಹ್ನದ ನಮಾಜು ಮುಗಿಸಿ, ಅಂಗಡಿಗೆ ಬಾಗಿಲು ಹಾಕಿ, ಮೊದಲ ಸಲ ನನ್ನ ಆಟ ನೋಡಲು ಬಂದಿದ್ದರು. ನಮ್ಮ ಹಿಂದಿನ ಗೆರೆಯ ನೇರಕ್ಕೆ, ತಂತಿ ಬಲೆಯ ಆಚೆ ಕುಳಿತಿದ್ದರು.

ಇಂಥ ಟೂರ್ನಿಗಳಲ್ಲಿ ಪ್ರತಿ ಅಂಕಣಕ್ಕೂ ಅಂಪೈರ್ ಇರುವುದಿಲ್ಲ. ನಮ್ಮ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ಎಂದು ನಾವೇ ಹೇಳಬೇಕು. ಜೊತೆಗಾರರಲ್ಲಿ ಒಬ್ಬ ಔಟ್ ಎಂದು ಇನ್ನೊಬ್ಬ ಒಳಗೆ ಎಂದರೆ, ಚೆಂಡು ಒಳಗೆ ಎಂದೇ ಲೆಕ್ಕ.

ಕೊನೆಯ ಟೈಬ್ರೇಕ್‌ನಲ್ಲಿ ನಾವು ಒಂಬತ್ತು, ಅವರು ಎಂಟು. ಇನ್ನೊಂದು ಪಾಯಿಂಟ್ ಬಂದರೆ ಪಂದ್ಯ ನಮ್ಮದು. ಎದುರು ಆಡುತ್ತಿದ್ದ ಇಬ್ಬರಲ್ಲಿ ಹುಬ್ಬಳ್ಳಿಯವರೊಬ್ಬರು, ನನಗಿಂತ ಎಂಟು ಹತ್ತು ವರ್ಷ ದೊಡ್ಡವರು, ನೆಟ್ ಬಳಿ ನಿಂತಿದ್ದ ನನ್ನ ತಲೆಯ ಮೇಲಿಂದ ಚೆಂಡು ಎತ್ತಿ ಹಾಕಿದರು. ತಿರುಗಿ ಓಡಿದೆ. ಚೆಂಡು ಹಿಂದಿನ ಗೆರೆಯ ಮೇಲೆ ಬಿತ್ತು. ಸುಣ್ಣ ಸ್ವಲ್ಪ ಹಾರಿತು. ಅದನ್ನು ನಾನು ನೋಡಿದೆ.

"ಔಟ್!" ಎಂದ ನನ್ನ ಜೊತೆಗಾರ. ಗೆರೆಯಿಂದ ಒಂದು ಗೇಣು ಆಚೆ, ಮಣ್ಣಿನಲ್ಲಿ ಬೇರೆ ಯಾವುದೋ ಚೆಂಡು ಬಿಟ್ಟಿದ್ದ ಗುರುತಿನ ಸುತ್ತ ರ‍್ಯಾಕೆಟ್ ತುದಿಯಿಂದ ವೃತ್ತ ಎಳೆದ.

ಹುಬ್ಬಳ್ಳಿಯವರು ನೆಟ್‌ವರೆಗೆ ಬಂದರು. "ಅದು ಮುಂಜಾನಿ ಗುರ್ತು. ನಿಮ್ಮಜ್ಜ ಹೊಡದಿರಬೇಕು."

"ನಮ್ಮಜ್ಜನಿಗೆ ಕಂಬಳದಲ್ಲಿ ಕೋಣ ಓಡಿಸ್ಲಿಕ್ಕೆ ಮಾತ್ರ ಗೊತ್ತಿತ್ತು ಮಾರಾಯ್ರೆ," ಎಂದ ಜೊತೆಗಾರ.

ಅವರು ನಗಲಿಲ್ಲ. ನನ್ನ ಕಡೆ ತಿರುಗಿದರು. "ತಮ್ಮಾ, ನೀ ಹೇಳು. ನೀ ಹೇಳಿದ್ದ ಖರೆ ಅಂತೀನಿ."

"ನಾನು ನೋಡ್ಲಿಲ್ಲ," ಎಂದೆ.

"ಆತು ಬಿಡು," ಎಂದು ಅವರು ಕೈ ಚಾಚಿದರು. ಕುಲುಕಿದೆ.

ಅಷ್ಟು ಹೊತ್ತಿಗೆ ನಿಜವಾದ ಗುರುತು ಅಳಿಸಿಹೋಗಿತ್ತು. ಓಡಿ ಬಂದ ರಭಸಕ್ಕೆ ನನ್ನ ಎಡಗಾಲು ಅದರ ಮೇಲೆ ಬಿತ್ತು ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಹಾಗಲ್ಲ. ಜೊತೆಗಾರ ವೃತ್ತ ಎಳೆಯುತ್ತಿದ್ದಾಗ ನಾನು ಎರಡು ಹೆಜ್ಜೆ ನಡೆದು ಅಲ್ಲಿ ಕಾಲಿಟ್ಟೆ.

ಹಿಂದಿರುಗುವಾಗ ಸ್ಕೂಟರಿನ ಹಿಂದೆ ಕುಳಿತಿದ್ದ ಅಪ್ಪ ಮನೆಮಾತಿನಲ್ಲಿ ಮಗನೇ ಎಂದು ಕರೆದು ಕೇಳಿದರು, "ಮೋನೆ, ಚೆಂಡು ಗೆರೆಗೆ ತಾಗಿದ್ರೆ ಒಳಗಾ, ಹೊರಗಾ?"

"ಒಳಗೆ."

"ಹಾಗಾದ್ರೆ ನನ್ನ ಕಣ್ಣಿಗೆ ಎಂತದೋ ಆಗಿದೆ."

ಸೆಮಿಫೈನಲ್‌ನಲ್ಲಿ ಸುಲಭವಾಗಿ ಸೋತೆವು. ಮರುವಾರ ಅಪ್ಪ ಬಸ್ ಹತ್ತಿ ಕೊಟ್ಟಾರದ ಕಣ್ಣಿನ ಡಾಕ್ಟರ ಬಳಿ ಹೋಗಿ ಬಂದರು. ನಾನು ಅಂಗಡಿಯಲ್ಲಿ ಲುಂಗಿ ಜೋಡಿಸುತ್ತಿದ್ದೆ. ಅವರು ಗಲ್ಲಾದ ಪಕ್ಕ ಕೊಡೆ ಇಟ್ಟರು.

"ಕಣ್ಣು ಸರಿ ಉಂಟಂತೆ. ದೂರದ್ದೂ ಸರಿ ಕಾಣ್ತದಂತೆ."

ಹೇಳಿ, ನನ್ನನ್ನೇ ನೋಡುತ್ತ ನಿಂತರು. ನಿಜ ಹೇಳುವುದಕ್ಕೆ ನನಗೆ ಅಷ್ಟು ಹೊತ್ತು ಸಾಕಿತ್ತು. ಒಂದು ಲುಂಗಿಯನ್ನು ಬಿಚ್ಚಿ ಮತ್ತೆ ಮಡಚಿದೆ.

"ಇನ್ನೊಂದು ವರ್ಷ ಬೇಕಾ ನಿನಗೆ?"

"ಬೇಕು," ಎಂದೆ.

ಆ ವರ್ಷವನ್ನು ಅವರು ಕೊಟ್ಟರು. ಆಡಿದೆ. ಅಪ್ಪ ನೋಡಲು ಮತ್ತೆ ಬರಲಿಲ್ಲ.